ಧಾರವಾಡವೋ, ಕುಂದಾಪುರವೋ, ಮೈಸೂರೋ? ಊಟಕ್ಕೂ ಹಾಡಿಗೂ ಹೊರಡುವವರಿಗೆ

ನಾಲ್ಕು ದಿನ ರಜ, ಒಂದು ಕಾರು, ತಿನ್ನೋಕೆ ಬೇಸರ ಪಡದ ಇಬ್ಬರು ಮೂವರು ಸ್ನೇಹಿತರು. ಬೆಂಗಳೂರಿನಿಂದ ಹೊರಟು ಊರೂರಿನ ಊಟ ಮಾಡಬೇಕು, ರಾತ್ರಿ ಎಲ್ಲಾದರೂ ಕೂತು ಹಾಡು ಕೇಳಬೇಕು. ಹೀಗೆ ಆಸೆ ಹುಟ್ಟಿದವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ದಾವಣಗೆರೆ ದಾಟಿ ಹುಬ್ಬಳ್ಳಿ–ಧಾರವಾಡದ ಕಡೆ, ಘಟ್ಟ ಇಳಿದು ಮಂಗಳೂರು–ಉಡುಪಿ–ಕುಂದಾಪುರದ ಕಡೆ, ಇಲ್ಲವೇ ಹತ್ತಿರದ ಮೈಸೂರಿನ ಕಡೆ. ಮೂರನ್ನೂ ಒಂದಕ್ಕಿಂತ ಹೆಚ್ಚು ಸಲ ಸುತ್ತಿದ್ದೇನೆ. ಯಾವುದು ಯಾರಿಗೆ ಸರಿ ಅಂತ ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಹೆಚ್ಚಿನವರು ತಿಂಡಿಯ ಪಟ್ಟಿ ಹಿಡಿದು ದಾರಿ ಹಾಕುತ್ತಾರೆ, ಸಂಗೀತ ಸಿಕ್ಕರೆ ಸಿಗಲಿ ಅಂತ ಬಿಡುತ್ತಾರೆ. ಸಿಗೋದಿಲ್ಲ. ಮೊದಲ ಸಲ ಧಾರವಾಡಕ್ಕೆ ಹೋದಾಗ ನಾನೂ ಇದನ್ನೇ ಮಾಡಿದ್ದೆ. ಅಷ್ಟು ದೊಡ್ಡ ಗಾಯಕರು ಇದ್ದ ಊರು, ಸಂಜೆ ಯಾವುದಾದರೂ ಓಣಿಗೆ ಹೊಕ್ಕರೆ ತಂಬೂರಿ ಸದ್ದು ಕೇಳಿಸುತ್ತದೆ ಅಂದುಕೊಂಡಿದ್ದೆ. ಮೂರು ದಿನ ರೊಟ್ಟಿ ತಿಂದು, ಪೇಡಾ ಕಟ್ಟಿಸಿಕೊಂಡು, ಲಾಡ್ಜಿನ ಬಿಲ್ ಕೊಡುವಾಗ ಅಲ್ಲಿನ ಹುಡುಗ ಕೇಳಿದ: "ನಾಳೆ ಸಂಜೀಕ ಛಲೋ ಗಾಯನ ಐತ್ರೀ, ಇರೂದಿಲ್ಲೇನ್ರೀ?" ಆಫೀಸಿಗೆ ರಜ ಮುಗಿದಿತ್ತು.

ಅದಕ್ಕೇ ಹೇಳೋದು, ತಾರೀಕು ಮೊದಲು, ದಾರಿ ಆಮೇಲೆ, ಹೋಟೆಲ್ ಕೊನೆಗೆ. ಬೆಣ್ಣೆ ದೋಸೆ ವರ್ಷಪೂರ್ತಿ ಸಿಗುತ್ತದೆ. ರಾತ್ರಿಯಿಡೀ ನಡೆಯುವ ಗಾಯನ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಹುಬ್ಬಳ್ಳಿ–ಧಾರವಾಡದ ದಾರಿ

ಬೆಂಗಳೂರಿನಿಂದ ಹುಬ್ಬಳ್ಳಿ ಸುಮಾರು 410 ಕಿಲೋಮೀಟರ್. ಹೆದ್ದಾರಿ 48 ಹಿಡಿದರೆ ತಿರುವು ಅಂತ ದೊಡ್ಡದೇನೂ ಇಲ್ಲ, ಬೇಸರ ಮಾತ್ರ ಉಂಟು. ಬೆಳಗ್ಗೆ ಐದೂವರೆಗೆ ಬಿಟ್ಟರೆ ಹತ್ತರ ಹೊತ್ತಿಗೆ ದಾವಣಗೆರೆ, ಅಲ್ಲಿ ತಿಂಡಿ. ಬೆಂಗಳೂರಿನಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ತಿಂದಿರುತ್ತೀರಿ, ಆದರೂ ಇಲ್ಲಿ ನಿಲ್ಲಿಸಿ. ಅಂಗೈಗಿಂತ ಸ್ವಲ್ಪ ದೊಡ್ಡ ದೋಸೆ, ಅಂಚು ಗರಿಗರಿ, ನಡುವೆ ಮೆತ್ತಗೆ, ಜೊತೆಗೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ. ಎರಡು ತಿಂದು ಏಳಬೇಕು. ಮೂರನೆಯದು ಹೇಳಿದರೆ ಹಾವೇರಿ ತನಕ ಡ್ರೈವರ್ ಆಕಳಿಸುತ್ತಲೇ ಇರುತ್ತಾರೆ, ಇದು ಅನುಭವದ ಮಾತು.

ಹಾವೇರಿಯಿಂದ ಸವಣೂರಿಗೆ ಒಂದು ಸುತ್ತು ಹಾಕಬಹುದು. ಅಲ್ಲಿನ ಖಾರ ಹೆಸರುವಾಸಿ. ಜೊತೆಗೆ ಊರಿನ ಮಠದಲ್ಲಿರುವ ಮೂರು ದೊಡ್ಡಹುಣಸೆ ಮರಗಳನ್ನೂ ನೋಡಿ ಬನ್ನಿ. ಆಫ್ರಿಕಾ ಮೂಲದ ಮರಗಳು, ಒಂದೊಂದರ ಬುಡ ಒಂದು ಕೋಣೆಯಷ್ಟಿದೆ.

ಊಟದ ವಿಷಯಕ್ಕೆ ಬಂದರೆ ಈ ದಾರಿಯ ಜೀವ ಖಾನಾವಳಿ. ದೊಡ್ಡ ಹೋಟೆಲಿನ 'ಉತ್ತರ ಕರ್ನಾಟಕ ಥಾಲಿ' ಬೇಡ. ಚಿಕ್ಕ ಖಾನಾವಳಿ ಹುಡುಕಿ, ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿ ಕೂರಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಜುಣಕ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಗಟ್ಟಿ ಮೊಸರು. ತಟ್ಟೆಯ ಅಂಚಿನಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮೂರು ಸಣ್ಣ ಗುಡ್ಡೆ. ಚಟ್ನಿಪುಡಿಯ ಗುಡ್ಡೆಯ ನಡುವೆ ಬೆರಳಿನಿಂದ ಕುಳಿ ಮಾಡಿ ಅದಕ್ಕೆ ಎಣ್ಣೆಯನ್ನೋ ಮೊಸರನ್ನೋ ಬಿಟ್ಟುಕೊಂಡು ತಿನ್ನಬೇಕು. ಒಣಪುಡಿ ಹಾಗೇ ಬಾಯಿಗೆ ಹಾಕಿ ಕೆಮ್ಮಿದ ನನ್ನನ್ನು ನೋಡಿ ಬಡಿಸುತ್ತಿದ್ದ ಅಕ್ಕ ಏನೂ ಹೇಳಲಿಲ್ಲ, ಸುಮ್ನೆ ಬಂದು ಬೆರಳಿನಿಂದ ಕುಳಿ ಮಾಡಿ ಮೊಸರು ಹಾಕಿ ಹೋದರು. ಆಮೇಲೆ "ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ?" ಅಂದರು. ಸಾಕು ಅಂದರೂ ಅರ್ಧವಾದರೂ ಬರುತ್ತದೆ.

ಸಂಜೆಗೆ ಗಿರ್ಮಿಟ್ಟು, ಮಿರ್ಚಿ. ಚುನಮುರಿಗೆ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಹುಣಸೆಯ ಹುಳಿ ಕಲಸಿದ್ದು ಗಿರ್ಮಿಟ್ಟು. ಮಿರ್ಚಿ ಅಂದರೆ ಮೆಣಸಿನಕಾಯಿ ಬಜ್ಜಿ. ಕಛೇರಿಗೆ ಮುಂಚೆ ಇಷ್ಟೇ ತಿಂದಿರಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಡಿಸೆಂಬರ್–ಜನವರಿಯಲ್ಲಿ ಹೋದರೆ ಸೀತನಿ ಕೇಳಿ. ಎಳೆಯ ಜೋಳದ ತೆನೆ ಸುಟ್ಟು, ಬಡಿದು ತೆಗೆದ ಕಾಳು. ಹೋಟೆಲಿನಲ್ಲಿ ಸಿಗುವುದು ಕಷ್ಟ, ಯಾರದಾದರೂ ಹೊಲದ ಪರಿಚಯ ಬೇಕು.

ಇನ್ನು ಸಂಗೀತ. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರ್ ಆಚೆ ಕುಂದಗೋಳ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಇದ್ದ ಊರು, ಹುಡುಗ ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತು ಪಾಠ ಕಲಿತ ಊರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ಊರು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಇಲ್ಲಿನ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆದುಕೊಂಡು ಬಂದಿದೆ. ಪುಣೆಯಲ್ಲಿ ಅವರ ಹೆಸರಿನ ದೊಡ್ಡ ಉತ್ಸವ 1953ರಿಂದ ನಡೆಯುತ್ತಿದೆ, ಅದರ ಖ್ಯಾತಿಯ ಮುಂದೆ ಇದು ಚಿಕ್ಕದು. ಆದರೆ ಇಲ್ಲಿ ಗಾಯಕರ ಮುಖ ಕಾಣುವಷ್ಟು ಹತ್ತಿರ, ಜಮಖಾನೆ ಮೇಲೆ ಕೂತು ಕೇಳುತ್ತೀರಿ.

ಅಹೋರಾತ್ರಿ ಅನ್ನುವುದಕ್ಕೆ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಿಂದೂಸ್ತಾನಿ ರಾಗಗಳಿಗೆ ಹೊತ್ತು ಉಂಟು. ನಗರದ ಸಭಾಂಗಣದಲ್ಲಿ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಬಾಗಿಲು ಹಾಕುತ್ತಾರೆ. ಹಾಗಾಗಿ ನಮಗೆ ಪೂರಿಯಾ, ಯಮನ್, ಬಾಗೇಶ್ರೀ ಮತ್ತೆ ಮತ್ತೆ ಸಿಗುತ್ತವೆ. ಮಧ್ಯರಾತ್ರಿಯ ಮಾಲಕಂಸ, ಬೆಳಕು ಹರಿಯುವ ಮುಂಚಿನ ಲಲತ್, ಬೆಳಗಿನ ತೋಡಿ ಅದದರ ಹೊತ್ತಿನಲ್ಲೇ ಕೇಳಬೇಕು ಅಂದರೆ ರಾತ್ರಿಯಿಡೀ ಕೂರಲೇಬೇಕು. ಹೊರಗೆ ನಿಜವಾಗಿ ಬೆಳಗಾಗುತ್ತಿದೆ, ಒಳಗೆ ತೋಡಿ ನಡೆದಿದೆ, ವಾಡೆಯ ಕಂಬದ ಪಕ್ಕ ಯಾರೋ ಹಿತ್ತಾಳೆ ಲೋಟದಲ್ಲಿ ಚಹಾ ಹಂಚುತ್ತಿದ್ದಾರೆ. ಒಂದೇ ಒಂದು ಸಲ ಹೀಗೆ ಕೇಳಿದ್ದೇನೆ. ಮತ್ತೊಂದು ಸಲ ಎರಡು ಗಂಟೆಗೇ ಕಾರಿನಲ್ಲಿ ಮಲಗಿಬಿಟ್ಟೆ, ಅದಕ್ಕೆ ಕಾರಣ ಸಂಜೆ ತಿಂದ ಐದು ರೊಟ್ಟಿ.

ಉತ್ಸವದ ತಾರೀಕು ಹೊಂದದಿದ್ದರೆ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ' ಈಗ ವಸ್ತುಸಂಗ್ರಹಾಲಯವಾಗಿದೆ, ನೋಡಬಹುದು. ಗದಗಕ್ಕೆ ಹುಬ್ಬಳ್ಳಿಯಿಂದ ಅರವತ್ತು ಕಿಲೋಮೀಟರ್ ಒಳಗೆ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ ಸಂಸ್ಥೆ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಇಂದಿಗೂ ಕಣ್ಣು ಕಾಣದ ಮಕ್ಕಳು ಅಲ್ಲಿ ಉಂಡು, ಅಲ್ಲೇ ಇದ್ದು ಸಂಗೀತ ಕಲಿಯುತ್ತಾರೆ. ಟಿಕೆಟ್ ಕೊಟ್ಟು ಕೇಳುವ ಕಛೇರಿಯಲ್ಲ ಅದು, ಪಾಠದ ಮನೆ. ಮೊಬೈಲ್ ಎತ್ತಿಕೊಂಡು ವಿಡಿಯೋ ಮಾಡುತ್ತಾ ಓಡಾಡಬೇಡಿ ದಯವಿಟ್ಟು.

ಖಯಾಲ್, ಅಂದರೆ ಈ ಹಿಂದೂಸ್ತಾನಿ ರಾಗದ ಗಾಯನ, ಯಾಕೋ ಹಿಡಿಸುವುದಿಲ್ಲ ಅನ್ನುವವರಿಗೂ ಇಲ್ಲಿ ದಾರಿ ಉಂಟು. ಶಿಗ್ಗಾವಿ ತಾಲೂಕಿನ ಶಿಶುವಿನಹಾಳ ಶರೀಫರ ಊರು. ಸುತ್ತಲಿನ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವ ಭಜನಾ ತಂಡಗಳಿವೆ. ಪರಿಚಯದವರೊಬ್ಬರು ಇದ್ದರೆ ಕರೆದುಕೊಂಡು ಹೋಗುತ್ತಾರೆ.

ಕರಾವಳಿಯ ದಾರಿ

"ಯಕ್ಷಗಾನ ನಾಟಕ ಅಲ್ವಾ, ಸಂಗೀತದ ಪಟ್ಟಿಗೆ ಯಾಕೆ ಸೇರಿಸಿದ್ರಿ?" ಅಂತ ಒಬ್ಬರು ನನ್ನನ್ನು ಕೇಳಿದ್ದರು. ಹೆಸರಿನಲ್ಲೇ ಗಾನ ಇದೆ ಸ್ವಾಮಿ. ಭಾಗವತರ ಹಾಡು, ಮದ್ದಳೆ, ಚೆಂಡೆ ಸೇರಿ ಹಿಮ್ಮೇಳ. ವೇಷ ಕುಣಿಯುವುದು ಅದರ ಮೇಲೆ. ಮುಂದಿನ ಸಾಲಿನಲ್ಲಿ ಕೂತು ಒಂದರ್ಧ ಗಂಟೆ ವೇಷ ನೋಡದೆ ಭಾಗವತರನ್ನೇ ನೋಡಿ. ಜಾಗಟೆ ಹಿಡಿದ ಕೈ, ವೇಷಧಾರಿಯ ಕಾಲಿನ ಮೇಲಿನ ಕಣ್ಣು, ಪದ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅನ್ನುವ ಲೆಕ್ಕ. ಇಡೀ ಆಟ ನಡೆಸುವವರು ಅವರು.

ಮೇಳಗಳ ತಿರುಗಾಟ ಸುಮಾರು ನವೆಂಬರಿನಿಂದ ಮೇ ತಿಂಗಳ ಕೊನೆಯ ಪತ್ತನಾಜೆವರೆಗೆ, ಅಂದರೆ ತುಳುನಾಡಿನಲ್ಲಿ ಮೇಳಗಳು ತಿರುಗಾಟ ನಿಲ್ಲಿಸುವ ದಿನದವರೆಗೆ. ಈ ಆರು ತಿಂಗಳಲ್ಲಿ ಯಾವ ದಿನ ಹೋದರೂ ಯಾವುದೋ ಒಂದು ಕಡೆ ಆಟ ಇದ್ದೇ ಇರುತ್ತದೆ. ಇದೇ ಈ ದಾರಿಯ ದೊಡ್ಡ ಅನುಕೂಲ, ತಾರೀಕಿನ ತಲೆನೋವು ಕಡಿಮೆ. ಅಲ್ಲಿನ ದಿನಪತ್ರಿಕೆಯಲ್ಲಿ 'ಇಂದಿನ ಯಕ್ಷಗಾನ' ಅಂತ ಪಟ್ಟಿ ಬರುತ್ತದೆ, ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡಿಕೊಂಡರೆ ಸಾಕು. ಕಟೀಲು, ಮಂದಾರ್ತಿಯಂಥ ದೇವಸ್ಥಾನದ ಮೇಳಗಳದ್ದು ಹರಕೆ ಆಟ. ಯಾರೋ ಹರಕೆ ಹೊತ್ತವರು ಆಡಿಸುತ್ತಾರೆ, ಯಾರು ಬೇಕಾದರೂ ಬಂದು ನೋಡಬಹುದು, ದುಡ್ಡಿಲ್ಲ. ಯಕ್ಷಗಾನದಲ್ಲಿ ಎರಡು ಮುಖ್ಯ ಶೈಲಿ: ಮಂಗಳೂರಿನ ಸುತ್ತ ತೆಂಕುತಿಟ್ಟು, ಕುಂದಾಪುರದ ಕಡೆ ಬಡಗುತಿಟ್ಟು. ತೆಂಕಿನ ಚೆಂಡೆ ಎದೆಗೆ ಬಡಿಯುತ್ತದೆ, ಬಣ್ಣದ ವೇಷದ ಅಬ್ಬರ ಜೋರು. ಪದ ನಿಧಾನವಾಗಿ ಕೇಳಬೇಕು ಅನ್ನುವ ಆಸೆ ಇದ್ದರೆ ನನ್ನ ವೋಟು ಬಡಗಿಗೆ, ಮಂಗಳೂರಿನ ಸ್ನೇಹಿತರು ಈ ಮಾತಿಗೆ ಜಗಳಕ್ಕೆ ಬರುತ್ತಾರೆ, ಬರಲಿ.

ಇಲ್ಲಿನ ಊಟದ ಬಗ್ಗೆ ಹೇಳಲು ಹೋದರೆ ಮುಗಿಯುವುದಿಲ್ಲ. ಬೆಳಗ್ಗೆ ಬನ್ಸ್, ಇಲ್ಲವೇ ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು. ಮಧ್ಯಾಹ್ನ ಮೀನಿನ ಊಟ. ಸಂಜೆ ಗೋಳಿಬಜೆ. ಮಾಂಸ ತಿನ್ನುವವರು ಮಂಗಳೂರಿನಲ್ಲಿ ಕೋರಿ ರೊಟ್ಟಿ, ಕುಂದಾಪುರದಲ್ಲಿ ನೀರ್ ದೋಸೆಗೆ ಕೋಳಿ ಸಾರು, ಘೀ ರೋಸ್ಟ್ ಬಿಡಬಾರದು. ತಿನ್ನದವರಿಗೆ ಉಡುಪಿ ಇದ್ದೇ ಇದೆ. ಕೋರಿ ರೊಟ್ಟಿಯನ್ನು ಮೊದಲ ಸಲ ನೋಡಿದವರು ಹಪ್ಪಳದ ಹಾಗೆ ಕಡಿಯಲು ಹೋಗುತ್ತಾರೆ. ಮುರಿದು ಹಾಕಿ, ಮೇಲೆ ಸಾರು ಸುರಿದು, ಅರ್ಧ ನೆನೆದು ಅರ್ಧ ಗರಿಯಾಗಿರುವ ಆ ಒಂದೆರಡು ನಿಮಿಷದಲ್ಲಿ ತಿಂದುಬಿಡಬೇಕು.

ಆದರೆ ಘೀ ರೋಸ್ಟ್ ರಾತ್ರಿ ಬೇಡ. ಕುಂದಾಪುರದ ಹತ್ತಿರ ಒಂದು ಗದ್ದೆಯಲ್ಲಿ ಹರಕೆ ಆಟ. ನಾವು ಏಳೂವರೆಗೆ ಹೊಟ್ಟೆ ಬಿರಿಯ ಘೀ ರೋಸ್ಟ್ ಹೊಡೆದು ಹೋಗಿ ಕೂತಿದ್ದೆವು. ಹನ್ನೊಂದಕ್ಕೆ ನನ್ನ ತಲೆ ಪಕ್ಕದವರ ಹೆಗಲ ಮೇಲಿತ್ತು. ಎಚ್ಚರವಾಗಿದ್ದು ಚೆಂಡೆಯ ಸದ್ದಿಗೆ. ರಾಕ್ಷಸ ವೇಷ ಆಗಲೇ ಬಂದು, ಅರ್ಧ ಕುಣಿದು ಆಗಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ "ಆಟ ಕಾಂಬುಕ್ ಬಂದದ್ದಾ, ಮನಿಕಂಬುಕ್ ಬಂದದ್ದಾ ಮಗಾ?" ಅಂದರು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು, ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ಈಗ ನಾನು ಸಂಜೆ ಗಂಜಿಯೋ ದೋಸೆಯೋ ತಿಂದು ಹೋಗುತ್ತೇನೆ. ಗದ್ದೆಯ ಅಂಚಿನಲ್ಲಿ ಚರುಮುರಿ, ಬಿಸಿ ಕಡಲೆ, ಆಮ್ಲೆಟ್, ಚಾ ಎಲ್ಲ ಇರುತ್ತದೆ, ರಾತ್ರಿಗೆ ಅದೇ ಸಾಕು. ಘೀ ರೋಸ್ಟ್ ಮಾರನೇ ದಿನ ಮಧ್ಯಾಹ್ನಕ್ಕೆ, ಆಮೇಲೆ ನಿದ್ದೆ. ಈಚೆಗೆ ಕೆಲವು ಆಟಗಳು ಮಧ್ಯರಾತ್ರಿಯ ಹೊತ್ತಿಗೇ ಮುಗಿಯುತ್ತವೆ, ಕಾಲಮಿತಿ ಅನ್ನುತ್ತಾರೆ. ಮಕ್ಕಳಿರುವವರು ಅಂಥದ್ದನ್ನೇ ಹುಡುಕಿ.

ಕರಾವಳಿಯಲ್ಲಿ ಸಂಗೀತ ಕಿವಿಗೆ ಬೀಳುವ ಇನ್ನೊಂದು ಜಾಗ ದೇವಸ್ಥಾನ ಮತ್ತು ಮದುವೆ ಮನೆ. ಬೇರೆ ಕಡೆ ನಾಗಸ್ವರ ಇರುವಲ್ಲಿ ಇಲ್ಲಿ ಎಷ್ಟೋ ಸಲ ಸ್ಯಾಕ್ಸೋಫೋನ್ ಕೇಳಿಸುತ್ತದೆ. ಆ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಕದ್ರಿ ಗೋಪಾಲನಾಥ್ ಬಂಟ್ವಾಳ ತಾಲೂಕಿನವರು, 2019ರಲ್ಲಿ ತೀರಿಕೊಂಡರು. ಡಿಸೆಂಬರಿನ ಹೊತ್ತಿಗೆ ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ಇದ್ದರೆ ಹಿಂದೂಸ್ತಾನಿ, ಕರ್ನಾಟಕ ಎರಡೂ ದೊಡ್ಡ ವೇದಿಕೆಯಲ್ಲಿ ಸಿಗುತ್ತವೆ. ತಾರೀಕು ನೋಡಿಕೊಳ್ಳಿ.

ಮಳೆಗಾಲದಲ್ಲಿ ಈ ದಾರಿ ಬೇಡ ಅನ್ನುವುದಕ್ಕೆ ಕಾರಣ ಒಂದಲ್ಲ. ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಮನೆ ಮನೆಗೆ ಬರುವ ಚಿಕ್ಕಮೇಳ ಮಾತ್ರ ಉಂಟು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ತಾಜಾ ಮೀನು ಕಡಿಮೆ, ದರ ಜಾಸ್ತಿ. ಪತ್ರೊಡೆಗೆ ಮಾತ್ರ ಅದೇ ಸರಿಯಾದ ಕಾಲ, ಕೆಸುವಿನ ಎಲೆ ಬರುವುದೇ ಆಗ.

ಮೈಸೂರಿನ ದಾರಿ

ಎರಡೇ ದಿನ ಇದೆ, ಜೊತೆಗೆ ಅಪ್ಪ ಅಮ್ಮ ಇದ್ದಾರೆ ಅಂದರೆ ಯೋಚನೆ ಮಾಡದೆ ಇದನ್ನೇ ಹಿಡಿಯಿರಿ. ಸುಮಾರು 145 ಕಿಲೋಮೀಟರ್. ಒಂದೇ ಎಚ್ಚರಿಕೆ, 2023ರಲ್ಲಿ ಉದ್ಘಾಟನೆಯಾದ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಹೋಗುತ್ತದೆ. ಬೇಗ ಮುಟ್ಟುತ್ತೀರಿ, ಹಸಿದುಕೊಂಡು ಮುಟ್ಟುತ್ತೀರಿ. ತಿನ್ನಲು ಹೊರಟವರು ಹಳೇ ರಸ್ತೆ ಹಿಡಿಯಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಮದ್ದೂರಿನಲ್ಲಿ ವಡೆ, ಮಂಡ್ಯದ ಯಾವುದಾದರೂ ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ನಾಟಿ ಕೋಳಿ ಸಾರು. ಮೈಸೂರು ಮುಟ್ಟಿದ ಮೇಲೆ ಮೈಲಾರಿ ದೋಸೆ. ದಾವಣಗೆರೆ ದೋಸೆಗೂ ಇದಕ್ಕೂ ಹೋಲಿಸಿ ಜಗಳ ಆಡುವವರಿದ್ದಾರೆ, ಅದು ವ್ಯರ್ಥ. ಅದು ಗರಿ, ಇದು ಹತ್ತಿಯ ಹಾಗೆ ಮೆದು, ಒಳಗೆ ಸಾಗು, ಹಲ್ಲಿಲ್ಲದವರೂ ತಿನ್ನಬಹುದು.

ಸಂಗೀತಕ್ಕೆ ಇಲ್ಲಿ ಎರಡು ಹೊತ್ತು. ಎಲ್ಲರಿಗೂ ಗೊತ್ತಿರುವುದು ದಸರಾ, ದೀಪ ಹಚ್ಚಿದ ಅರಮನೆಯ ಮುಂದೆ ಕಛೇರಿ. ನೋಡಲು ಚೆಂದ, ಕೇಳಲು ಅಷ್ಟೇನಿಲ್ಲ. ಜನ ಓಡಾಡುತ್ತಲೇ ಇರುತ್ತಾರೆ, ಫೋಟೋ ತೆಗೆಯುವವರ ಕೈ ಅಡ್ಡ, ಲಾಡ್ಜಿನ ಬಾಡಿಗೆ ಆ ವಾರ ಕೇಳಲೇಬೇಡಿ. ನನ್ನ ಆಯ್ಕೆ ಗಣೇಶನ ಹಬ್ಬದ ಹೊತ್ತು. ವಿ.ವಿ. ಮೊಹಲ್ಲಾದ 8ನೇ ಅಡ್ಡರಸ್ತೆಯಲ್ಲಿ ಪೆಂಡಾಲ್ ಹಾಕಿ ದಿನವೂ ಕರ್ನಾಟಕ ಸಂಗೀತದ ಕಛೇರಿ ಇಡುತ್ತಾರೆ, ದೊಡ್ಡ ದೊಡ್ಡ ವಿದ್ವಾಂಸರು ಬರುತ್ತಾರೆ, ರಸ್ತೆಯಲ್ಲೇ ಕುರ್ಚಿ. ತಾಳ ಹಾಕುತ್ತಾ ಕೂತ ಹಿರಿಯರ ನಡುವೆ ಒಂದು ಸಂಜೆ ಕಳೆದರೆ ಈ ಊರಿನವರ ಕಿವಿ ಎಂಥದ್ದು ಅಂತ ಗೊತ್ತಾಗುತ್ತದೆ. ತನಿ ಆವರ್ತನ, ಅಂದರೆ ಮೃದಂಗದಂಥ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಎದ್ದು ಕಾಫಿಗೆ ಹೊರಟ ನನ್ನನ್ನು ಹಿಂದಿನ ಸಾಲಿನ ಒಬ್ಬರು "ಕೂತ್ಕೊಳ್ಳಿ, ಕಾಫಿ ಎಲ್ಲಿಗೂ ಓಡಿಹೋಗಲ್ಲ" ಅಂತ ಕೂರಿಸಿದ್ದರು.

ಇನ್ನೊಂದು ದಿನ ಇದ್ದರೆ ಅರಕಲಗೂಡು ತಾಲೂಕಿನ ರುದ್ರಪಟ್ಟಣಕ್ಕೆ ಹೋಗಿ. ಕಾವೇರಿ ದಂಡೆಯ ಪುಟ್ಟ ಊರು, ಅಲ್ಲಿಂದ ಬಂದ ಸಂಗೀತಗಾರರ ಸಂಖ್ಯೆ ನೋಡಿದರೆ ಆಶ್ಚರ್ಯ. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ತಂಬೂರಿ ಆಕಾರದ ಧ್ಯಾನ ಮಂದಿರ ಇದೆ. ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ.

ಹಾಗಾದರೆ ಯಾವುದು?

ನೆಲದ ಮೇಲೆ ಮೂರು ಗಂಟೆ ಕೂರಲು ತಾಳ್ಮೆ ಇದ್ದರೆ, ಒಂದೇ ರಾಗ ಒಂದು ಗಂಟೆ ಹಿಡಿದರೂ ಗಡಿಯಾರ ನೋಡದವರಾದರೆ ಧಾರವಾಡ. ಅಕ್ಟೋಬರಿನಿಂದ ಜನವರಿ ಒಳ್ಳೆಯದು, ಏಪ್ರಿಲ್ ಬಿಸಿಲು ತಡೆಯೋಕಾಗಲ್ಲ. ತರಕಾರಿ ಊಟದವರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಶಾಸ್ತ್ರೀಯ ಸಂಗೀತ ಅಂದರೆ ಮಾರು ದೂರ ಹೋಗುವ ಸ್ನೇಹಿತರು ಜೊತೆಗಿದ್ದರೆ ಕರಾವಳಿ. ಕತೆ ಇದೆ, ಬಣ್ಣ ಇದೆ, ನಗಿಸುವ ಹಾಸ್ಯಗಾರ ಇದ್ದಾನೆ, ಅಷ್ಟರಲ್ಲಿ ಹಾಡು ತಾನಾಗೇ ಕಿವಿಗೆ ಇಳಿದಿರುತ್ತದೆ. ಆದರೆ ಘಾಟಿಯಲ್ಲಿ ಕಾರು ಓಡಿಸಿ ಅಭ್ಯಾಸ ಇರುವವರು ಒಬ್ಬರು ಬೇಕು, ಮತ್ತು ಅವರು ಆಟ ನೋಡಿದ ಮಾರನೇ ಬೆಳಗ್ಗೆ ಸ್ಟಿಯರಿಂಗ್ ಹಿಡಿಯಬಾರದು. ಮೈಸೂರು ಸುಲಭ, ಅಗ್ಗ, ಯಾವಾಗ ಬೇಕಾದರೂ ವಾಪಸ್ ಬರಬಹುದು. ಅದೇ ಅದರ ದೋಷ ಕೂಡ, ಒಂಬತ್ತಕ್ಕೆ ಕಛೇರಿ ಬಿಟ್ಟು ಬೆಂಗಳೂರಿಗೆ ಹೊರಟುಬಿಡೋಣ ಅನ್ನಿಸುತ್ತದೆ.

ಏಳೆಂಟು ದಿನ ಇದ್ದವರು ಮೊದಲ ಎರಡನ್ನು ಸೇರಿಸಬಹುದು. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿದು, ಕಡಲ ಪಕ್ಕದ ಹೆದ್ದಾರಿ 66 ಹಿಡಿದು ಕುಂದಾಪುರಕ್ಕೆ. ನಡುವೆ ಹೊನ್ನಾವರದ ಹತ್ತಿರ ಗುಣವಂತೆ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಮೇಳದ ಊರು. ಆ ಕಡೆಯ ಅಪ್ಪೆಹುಳಿ, ತಂಬುಳಿ, ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳ್ಳಗೆ ಹೊಯ್ಯುವ ತೊಡೆದೇವು ಎಲ್ಲ ಸಿಗುತ್ತದೆ. ನಾಲ್ಕು ದಿನದಲ್ಲಿ ಮಾತ್ರ ಈ ಸಾಹಸ ಬೇಡ. ಒಮ್ಮೆ ಮಾಡಿದ್ದೆವು, ಕೇಳಿದ್ದಕ್ಕಿಂತ ಕಾರಿನಲ್ಲಿ ಕೂತಿದ್ದೇ ಜಾಸ್ತಿ.

ಯಾವ ದಾರಿಗೇ ಹೋದರೂ ಒಂದು ಶಾಲು, ಒಂದು ಚಾಪೆ, ನೀರಿನ ಬಾಟಲಿ ಹಿಂದಿನ ಸೀಟಿನಲ್ಲಿರಲಿ. ಮನೆಗೆ ತರುವುದಾದರೆ ಧಾರವಾಡದಿಂದ ಪೇಡಾ ಕಡಿಮೆ, ಕರದಂಟು ಜಾಸ್ತಿ ತನ್ನಿ, ಪೇಡಾ ಬೇಗ ಗಟ್ಟಿಯಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಒಂದು ಕಿಲೋ ತಂದರೆ ಮನೆಯಲ್ಲಿ ಮುಂದಿನ ಪ್ರವಾಸಕ್ಕೆ ಬೇಡ ಅನ್ನುವುದಿಲ್ಲ. ಮಂಗಳೂರಿನಿಂದ ಕೋರಿ ರೊಟ್ಟಿಯ ಪ್ಯಾಕೆಟ್ ತರುವವರು ಅದನ್ನು ಕಾಲ ಕೆಳಗೆ ಇಡಬೇಡಿ. ಶಿರಾಡಿ ಹತ್ತುವಷ್ಟರಲ್ಲಿ ನಮ್ಮದು ಪುಡಿಯಾಗಿತ್ತು, ಚಮಚದಲ್ಲಿ ತಿಂದೆವು.